ಒಂಬತ್ತೂವರೆಯ ಫೋನು: ಒಂದು ಪುಕ್ಕಲು ಬೆಕ್ಕಿನ ಪ್ರಕರಣ

ನಮ್ಮ ಬೆಕ್ಕು ಇವರನ್ನು ಕಂಡರೆ ಅಟ್ಟ ಹತ್ತುತ್ತಿತ್ತು. ಇವರು ಅಂದರೆ ನನ್ನ ಗಂಡ. 22 ವರ್ಷ ಶಾರ್ಜಾದಲ್ಲಿ ದುಡಿದು 2023ರ ಮೇ ಕೊನೆಗೆ ಗಂಟುಮೂಟೆ ಕಟ್ಟಿ ಊರಿಗೆ ಬಂದವರು. ಮೂರು ವರ್ಷದ ಗಂಡು ಬೆಕ್ಕು ಒಂದು ಕಡೆ, 54 ವರ್ಷದ ಗಂಡಸು ಇನ್ನೊಂದು ಕಡೆ, ನಡುವೆ ನಾನು. ಇವರು ಬಂದು ಎರಡು ತಿಂಗಳು ತುಂಬುವ ಮೊದಲೇ ಬೆಕ್ಕು ಸಾಯಲು ಹೋಗಿ ಬಂತು.

ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರ್. ತಾರೀಕು ಹಾಕಿ ಬರೆದಿಡುವ ಚಟ ಉಂಟು. ಆ ವರ್ಷದ್ದೊಂದು ನೋಟ್‌ಬುಕ್ ನನ್ನ ಹತ್ತಿರ ಇದೆ. ಮಕ್ಕಳ ಮಾರ್ಕು ಬರೆಯುವ ಥರದ್ದು, ಗೆರೆ ಎಳೆದದ್ದು. ಅದನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಬೆಕ್ಕು ಬಂದ ಬಗೆ

ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಹಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ಹಿಂದೆ ಒಂದಿಷ್ಟು ಅಡಿಕೆ ತೋಟ. 2020ರ ಜುಲೈ. ಆಟಿ ತಿಂಗಳ ಜಡಿಮಳೆ. ಸೌದೆ ಕೊಟ್ಟಿಗೆಯಲ್ಲಿ ಏನೋ ಕೂಗುವುದು ಕೇಳಿ ನೋಡಿದರೆ ಕಪ್ಪು ಬಿಳಿ ಮರಿಯೊಂದು ತೆಂಗಿನ ಸೋಗೆಯ ಅಡಿಯಲ್ಲಿ ಮುದುಡಿ ಕೂತಿತ್ತು. ಅದರ ತಾಯಿ ಊರಾಡುವ ಬೆಕ್ಕು, ಎಲ್ಲಿ ಹೋಯಿತೋ ಗೊತ್ತಿಲ್ಲ. ಕೈ ಹಾಕಿದರೆ ಹಾವಿನ ಹಾಗೆ ಬುಸ್ ಅಂದಿತು. ಆಗಲೇ ಎರಡೂವರೆ ತಿಂಗಳು ದಾಟಿರಬೇಕು ಎಂದು ಆಮೇಲೆ ಹಲ್ಲು ನೋಡಿದ ಡಾಕ್ಟರು ಹೇಳಿದರು.

ಈ ಎರಡೂವರೆ ತಿಂಗಳು ಮುಖ್ಯ. ಬೆಕ್ಕಿನ ಮರಿಗೆ ಮನುಷ್ಯರ ಮೇಲೆ ನಂಬಿಕೆ ಹುಟ್ಟುವ ಕಾಲ ಬಹಳ ಚಿಕ್ಕದು, ಸುಮಾರು ಎರಡನೆಯ ವಾರದಿಂದ ಏಳನೆಯ ವಾರದವರೆಗೆ. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸಿ ಇದನ್ನು ನೋಡಿದರು. ಆ ವಾರಗಳಲ್ಲಿ ನಾಲ್ಕೈದು ಜನರ ಕೈಯಲ್ಲಿ ಆಡಿದ ಮರಿ ಊರಿನವರಿಗೆಲ್ಲ ಒಗ್ಗುತ್ತದೆ. ಆಡದ ಮರಿ ದೊಡ್ಡದಾದ ಮೇಲೆ ಒಬ್ಬರನ್ನೋ ಇಬ್ಬರನ್ನೋ ನಂಬಬಹುದು, ಅಷ್ಟೆ.

ನಮ್ಮ ಮರಿಗೆ ಸಿಕ್ಕಿದ್ದೂ ಇಬ್ಬರೇ, ನಾನು ಮತ್ತು ನನ್ನ ಅತ್ತೆ. ಅದು ಕೊರೋನಾದ ವರ್ಷ. ಮನೆಗೆ ನೆಂಟರಿಲ್ಲ, ಬಾಗಿಲಿಗೆ ಭಿಕ್ಷುಕನೂ ಇಲ್ಲ. ಮೀನಿನವನೂ ಗೇಟಿನ ಕಲ್ಲಿನ ಮೇಲೆ ಬೂತಾಯಿ ಇಟ್ಟು ಹಾರ್ನ್ ಹಾಕಿ ಹೋಗುತ್ತಿದ್ದ. ಶಾಲೆ ಮುಚ್ಚಿತ್ತು. ಜೂನ್ 1ರಿಂದ ಕೇರಳ ಸರಕಾರದ ವಿಕ್ಟರ್ಸ್ ಚಾನೆಲ್‌ನಲ್ಲಿ ಮಕ್ಕಳಿಗೆ ಪಾಠ ಶುರುವಾಗಿತ್ತು. ಟಿವಿಯಲ್ಲಿ ಅರ್ಥವಾಗದ್ದನ್ನು ನಾನು ವಾಟ್ಸಾಪಿನಲ್ಲಿ ಹೇಳಿಕೊಡುತ್ತಿದ್ದೆ. ಇಡೀ ದಿನ ನನ್ನ ಮಾತು, ಸಂಜೆಗೆ ಅತ್ತೆಯ ಭಜನೆ. ಬೆಕ್ಕಿನ ಮಟ್ಟಿಗೆ ಭೂಮಿಯ ಮೇಲಿದ್ದದ್ದು ಎರಡೇ ಹೆಂಗಸರು.

ಹೆಸರು ಕುಟ್ಟ ಎಂದಿಟ್ಟೆವು. ಮಲಯಾಳದಲ್ಲಿ ಕುಟ್ಟನ್ ಅಂದರೆ ಮುದ್ದಿನ ಹುಡುಗ. ನಮ್ಮಲ್ಲಿ ಕನ್ನಡ, ತುಳು, ಮಲಯಾಳ ಎಲ್ಲ ಒಂದೇ ಬಾಯಲ್ಲಿ ಬರುತ್ತದೆ, ಯಾರೂ ವಿಶೇಷ ಅಂದುಕೊಳ್ಳುವುದಿಲ್ಲ. ಶಾರ್ಜಾದಲ್ಲಿ ಇವರ ರೂಮಿನಲ್ಲಿದ್ದ ಹಿಂದಿಯವರಿಗೆ ಮಾತ್ರ ಇದು ದೊಡ್ಡ ತಮಾಷೆಯಾಯಿತು. "ಬೆಕ್ಕಿಗೆ ನಾಯಿ ಅಂತ ಹೆಸರಿಟ್ಟಿದ್ದೀಯಲ್ಲ ಮಾರಾಯ್ತಿ, ಇವರೆಲ್ಲ ಬಿದ್ದು ಬಿದ್ದು ನಗ್ತಿದ್ದಾರೆ" ಅಂದರು ಇವರು.

ಫೋನು ಬರುತ್ತಿದ್ದದ್ದು ರಾತ್ರಿ ಒಂಬತ್ತೂವರೆಗೆ. ಅಲ್ಲಿಗೆ ಎಂಟು ಗಂಟೆ. ಡ್ಯೂಟಿ ಮುಗಿಸಿ, ಸ್ನಾನ ಮಾಡಿ, ಊಟಕ್ಕೆ ಕೂರುವ ಮೊದಲು ಮಾಡುತ್ತಿದ್ದರು. ಒಂದು ದಿನ ತಪ್ಪಿದ್ದಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಮಾಡಿ "ಇವತ್ತು ಮಾತಾಡಲಿಕ್ಕೆ ಆಗುವುದಿಲ್ಲ" ಎಂದು ಹೇಳಿ ಇಟ್ಟಿದ್ದರು. ಅತ್ತೆಗೆ ಕಿವಿ ಮಂದ. ಅದಕ್ಕೆ ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲೆ ಇಡುತ್ತಿದ್ದೆವು. ಕುಟ್ಟ ಅಲ್ಲೇ ಹೊದಿಕೆಯ ಮೇಲೆ ಕಾಲು ಮಡಚಿ ಕೂರುತ್ತಿತ್ತು. ಇವರು ಕೊನೆಗೆ "ಕುಟ್ಟಾ, ಊಟ ಆಯ್ತಾ?" ಎನ್ನುವರು. ಅದು ಕಿವಿ ಆಡಿಸುವುದು. 2022ರಲ್ಲಿ ಅತ್ತೆ ತೀರಿಕೊಂಡರು. ಸ್ಪೀಕರ್ ಹಾಕುವ ಅಭ್ಯಾಸ ಉಳಿಯಿತು. ಆ ಹದಿಮೂರು ದಿನ ಮನೆ ತುಂಬ ಜನ ಇದ್ದಾಗ ಬೆಕ್ಕು ಅಟ್ಟದಿಂದ ಇಳಿದದ್ದು ನಾನು ನೋಡಿಲ್ಲ. ತಟ್ಟೆಯ ಅನ್ನ ಮಾತ್ರ ಬೆಳಿಗ್ಗೆಗೆ ಖಾಲಿಯಾಗಿರುತ್ತಿತ್ತು.

ಇವರು ಬಂದರು

ಗಲ್ಫಿನಿಂದ ಬಂದವರ ಹುರುಪು ನಮ್ಮ ಕಾಸರಗೋಡಿನ ಮನೆಗಳಿಗೆ ಗೊತ್ತು. ಮೊದಲ ತಿಂಗಳು ಇಡೀ ಮನೆ ರಿಪೇರಿ. ಇವರು ಬಚ್ಚಲಿಗೆ ಹೊಸ ಪೈಪು ಹಾಕಿಸಿದರು. ವಾಷಿಂಗ್ ಮಿಷನ್ ತಂದರು. ಮಾಡಿನ ಒಡೆದ ಹಂಚು ಬದಲಿಸಿದರು. ನನಗೆ ಬೆಳಿಗ್ಗೆ ಆರಕ್ಕೆ ಚಹಾ ಮಾಡಿ ಹಾಸಿಗೆಯ ಹತ್ತಿರ ತಂದಿಟ್ಟರು. 22 ವರ್ಷ ಒಬ್ಬರೇ ಅಡುಗೆ ಮಾಡಿಕೊಂಡವರ ಚಹಾ, ನಾನು ಮಾಡಿದ್ದಕ್ಕಿಂತ ಚೆನ್ನಾಗಿರುತ್ತದೆ. ಇದನ್ನು ಅವರ ಮುಂದೆ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಕುಟ್ಟನ ವಿಷಯದಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. "ಮೂರು ವರ್ಷ ದಿನಾ ಮಾತಾಡಿಸಿದ್ದೇನೆ. ನನ್ನನ್ನು ಗೊತ್ತಾಗದೆ ಇರ್ತದಾ?" ಎನ್ನುತ್ತಿದ್ದರು. ಮೊದಲ ದಿನ ಬಾಗಿಲಲ್ಲೇ ನಿಂತು ದೊಡ್ಡ ದನಿಯಲ್ಲಿ "ಕುಟ್ಟಾ!" ಎಂದರು. ಬೆಕ್ಕು ಕಿಟಕಿ ದಂಡೆಯಿಂದ ಹಾರಿ, ಏಣಿಯ ಮೆಟ್ಟಿಲು ಮುಟ್ಟಿತೋ ಇಲ್ಲವೋ ಎಂಬಂತೆ ಅಟ್ಟ ಸೇರಿತು. ಅಡಿಕೆ ಚೀಲಗಳ ಹಿಂದೆ ಎರಡು ಕಣ್ಣು ಮಾತ್ರ. ಇವರು ಕೈಯಲ್ಲಿ ಹಿಡಿದಿದ್ದ ಆಟದ ಇಲಿಯನ್ನು ಮೆಲ್ಲ ಜೇಬಿಗೆ ಹಾಕಿಕೊಂಡರು. ಅದನ್ನು ವಿಮಾನ ನಿಲ್ದಾಣದಲ್ಲಿ ಕೊಂಡಿದ್ದಂತೆ.

ಮುಂದಿನ ಐದಾರು ವಾರದಲ್ಲಿ ಆದದ್ದನ್ನು ನಾನು ಆಮೇಲೆ ಕೂತು ಲೆಕ್ಕ ಹಾಕಿದೆ. ಆಗ ಒಂದೊಂದೂ ಚಿಕ್ಕ ವಿಷಯ ಅನ್ನಿಸಿತ್ತು.

ಕುಟ್ಟನ ಮಲಮೂತ್ರಕ್ಕೆಂದು ಇಟ್ಟ ಮರಳಿನ ಟಬ್ಬು ಏಣಿಯ ಕೆಳಗಿನ ಮೂಲೆಯಲ್ಲಿತ್ತು. ಕತ್ತಲು, ಯಾರೂ ಓಡಾಡದ ಜಾಗ. ನಡುಮನೆಗೆ ವಾಸನೆ ಬರುತ್ತದೆ ಎಂದು ಇವರು ಅದನ್ನು ಬಚ್ಚಲಿನ ಪಕ್ಕಕ್ಕೆ, ಹೊಸ ವಾಷಿಂಗ್ ಮಿಷನಿನ ಬದಿಗೆ ಇಟ್ಟರು. ನಾನೂ ಹೂಂ ಅಂದೆ. ಮಿಷನ್ ನೀರು ಹಿಂಡುವಾಗ ಆ ನೆಲವೇ ನಡುಗುತ್ತದೆ. ಮೊದಲಾದರೆ ಕುಟ್ಟ ಹೊರಗೂ ಹೋಗುತ್ತಿತ್ತು, ತೋಟದ ಬದಿಯ ಸಡಿಲ ಮಣ್ಣಿಗೆ. ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಜೂನ್ 8ಕ್ಕೆ, ವಾಡಿಕೆಗಿಂತ ಒಂದು ವಾರ ತಡ. ಮಳೆ ಜೋರಾದ ಮೇಲೆ ಹೊರಗಿನ ದಾರಿ ಮುಚ್ಚಿತು.

ಊಟವೂ ಬದಲಾಯಿತು. ನಾನು ಕೊಡುತ್ತಿದ್ದದ್ದು ಬೇಯಿಸಿದ ಮೀನು ಕಲಸಿದ ಅನ್ನ, ನೀರು ನೀರಾಗಿ. ಇವರು ಹತ್ತು ಕಿಲೋದ ಒಣ ಕಾಳಿನ, ಅಂದರೆ ಬೆಕ್ಕಿನ ಡ್ರೈ ಫುಡ್ಡಿನ, ಚೀಲ ತಂದರು. ಬೆಕ್ಕಿಗೆ ಒಳ್ಳೆಯದೇ ತಿನ್ನಿಸಬೇಕೆಂಬ ಆಸೆ. ಒಣ ಕಾಳಿನಲ್ಲಿ ನೀರಿನ ಅಂಶ ನೂರರಲ್ಲಿ ಹತ್ತರ ಆಸುಪಾಸು. ನೀರಿನಂಶ ಇರುವ ವೆಟ್ ಫುಡ್ಡಿನಲ್ಲಿ ಎಪ್ಪತ್ತೈದರ ಮೇಲೆ. ಬೆಕ್ಕಿನ ಪೂರ್ವಜರು ಮರುಭೂಮಿಯ ಕಡೆಯವರು, ಬಾಯಾರಿಕೆ ಕಮ್ಮಿ. ತಿನ್ನುವುದರಲ್ಲಿ ನೀರಿಲ್ಲದಿದ್ದರೆ ಬಟ್ಟಲಿಗೆ ಬಂದು ಆ ಕೊರತೆ ತುಂಬುವಷ್ಟು ಕುಡಿಯುವುದಿಲ್ಲ. ಬಟ್ಟಲು ಇದ್ದದ್ದೋ ಅಡುಗೆಮನೆಯಲ್ಲಿ, ಇವರು ಕೂತಿರುತ್ತಿದ್ದ ಕುರ್ಚಿಯ ಪಕ್ಕ.

ಇನ್ನು ವಾಸನೆ. ಅತ್ತರು ಹಾಕದೆ ಇವರು ಅಂಗಳಕ್ಕೂ ಇಳಿಯುವುದಿಲ್ಲ. ಅದರ ಮೇಲೆ ಸೊಂಟನೋವಿಗೆ ಉಜ್ಜುವ ಎಣ್ಣೆ. ಮನೆಯ ಎಲ್ಲ ಕುರ್ಚಿ, ದಿಂಬು, ಬಾಗಿಲ ಹಿಡಿಗೆ ಹೊಸ ವಾಸನೆಯ ಗುರುತು ಬಿತ್ತು. ಕುಟ್ಟ ಕೆನ್ನೆ ಉಜ್ಜಿ ಉಜ್ಜಿ ತನ್ನದು ಎಂದು ಮಾಡಿಕೊಂಡಿದ್ದ ಜಾಗಗಳೆಲ್ಲ ಒಂದೇ ವಾರದಲ್ಲಿ ಬೇರೆಯವರದ್ದಾದವು.

ಇದೆಲ್ಲದಕ್ಕಿಂತ ದೊಡ್ಡ ತಪ್ಪು ನನ್ನದು. ಜೂನ್ 25ರ ಭಾನುವಾರ. ಇವರ ಮುಖ ನೋಡಿ ನನಗೆ ಬೇಸರವಾಯಿತು. ಆಟದ ಇಲಿಯನ್ನು ದಿನಾ ಏಣಿಯ ಬುಡದಲ್ಲಿಟ್ಟು ಬರುತ್ತಿದ್ದರು, ಅದು ಇಟ್ಟಲ್ಲೇ ಇರುತ್ತಿತ್ತು. ನಾನು ಅಟ್ಟ ಹತ್ತಿ ಕುಟ್ಟನನ್ನು ಎತ್ತಿಕೊಂಡು ಬಂದು ಇವರ ಮಡಿಲಲ್ಲಿ ಹಾಕಿದೆ. "ಹಿಡ್ಕೊಳ್ಳಿ, ಸ್ವಲ್ಪ ಹೊತ್ತಲ್ಲಿ ಸರಿ ಆಗ್ತದೆ." ಆಗಲಿಲ್ಲ. ಇವರ ಮೊಣಕೈಯಿಂದ ಮಣಿಕಟ್ಟಿನವರೆಗೆ ನಾಲ್ಕು ಗೆರೆ. ಬೆಕ್ಕು ಹೋದ ಮೇಲೆ ಲುಂಗಿ ಒದ್ದೆ. ಹೆದರಿ ಉಚ್ಚೆ ಹೊಯ್ದಿತ್ತು. ಅದಕ್ಕೂ ಮುಂಚೆ ಅದು ನನ್ನ ಕೈಗಾದರೂ ಬರುತ್ತಿತ್ತು. ಆಮೇಲೆ ಹದಿನೈದು ದಿನ ನನ್ನ ಹತ್ತಿರವೂ ಬರಲಿಲ್ಲ.

ಸ್ವಿಟ್ಜರ್ಲೆಂಡಿನ ಡೆನಿಸ್ ಟರ್ನರ್ ಎಂಬವರು ಮನೆಬೆಕ್ಕುಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡದ್ದನ್ನು ನಾನು ಓದಿದ್ದು ಇದಾದ ಮೇಲೆ. ಬೆಕ್ಕು ತಾನಾಗಿ ಹತ್ತಿರ ಬಂದರೆ ಒಡನಾಟ ಜಾಸ್ತಿ ಹೊತ್ತು ನಡೆಯುತ್ತದೆ, ನಾವಾಗಿ ಮೇಲೆ ಬಿದ್ದರೆ ಬೇಗ ಮುಗಿಯುತ್ತದೆ. ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಅಳುತ್ತಾ ಬರುವ ಮಕ್ಕಳ ವಿಷಯದಲ್ಲಿ ಇದು ನನಗೆ 25 ವರ್ಷದಿಂದ ಗೊತ್ತು. ಬೆಕ್ಕಿಗೆ ಹಾಕಿ ನೋಡಬೇಕೆಂದು ಹೊಳೆಯಲಿಲ್ಲ.

ಜುಲೈ 18

ಬೆಳಿಗ್ಗೆ ಐದೂವರೆ. ಬಚ್ಚಲಿಗೆ ಹೋದಾಗ ಕುಟ್ಟ ಟಬ್ಬಿನಲ್ಲಿ ಕುಕ್ಕುರುಗಾಲಲ್ಲಿ ಕೂತಿತ್ತು. ನನ್ನನ್ನು ನೋಡಿ ಓಡಲಿಲ್ಲ. ಅದೇ ನನಗೆ ವಿಚಿತ್ರವಾಗಿ ಕಂಡಿತು. ಎದ್ದಿತು, ಮರಳು ಕೆರೆಯಿತು, ಮತ್ತೆ ಕೂತಿತು. ಬೆನ್ನು ಬಾಗಿಸಿ ಮುಕ್ಕಿತು. ಮರಳಿನ ಮೇಲೆ ಎಳ್ಳುಕಾಳಿನಷ್ಟು ಗುಲಾಬಿ ಬಣ್ಣದ ಒಂದು ಹನಿ. ಮತ್ತೆ ಎದ್ದು ಹಿಂಭಾಗ ನೆಕ್ಕಿಕೊಂಡಿತು. ಹತ್ತು ನಿಮಿಷದಲ್ಲಿ ಆರು ಸಲ ಹೀಗೆ. ಕೊನೆಗೆ ಒಂದು ಕೂಗು ಕೂಗಿತು, ಮೂರು ವರ್ಷದಲ್ಲಿ ಒಮ್ಮೆಯೂ ಕೇಳದ ದನಿ, ಹೊಟ್ಟೆಯೊಳಗಿಂದ ಬಂದದ್ದು.

ನಾನು ಮಲ ಕಟ್ಟಿದೆ ಅಂದುಕೊಂಡೆ. ಆಚೆ ಮನೆಯ ಅಕ್ಕನೂ ಅದನ್ನೇ ಹೇಳಿದರು. "ಒಂದು ಚಮಚ ಹರಳೆಣ್ಣೆ ಕುಡಿಸಿ ಟೀಚರೇ. ನೋವಿಗೆ ಅರ್ಧ ಪ್ಯಾರಸಿಟಮಾಲ್ ಕೊಡಿ." ಮಾತ್ರೆ ಪಟ್ಟಿ ಕೈಗೂ ತೆಗೆದುಕೊಂಡಿದ್ದೆ. ಇವರು ತಡೆದರು. "ಡಾಕ್ಟ್ರನ್ನು ಕೇಳದೆ ಬೇಡ." ಇದನ್ನು ಎಲ್ಲರೂ ತಿಳಿದಿರಬೇಕು: ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ. ಒಂದೇ ಮಾತ್ರೆ ಜೀವ ತೆಗೆಯಬಹುದು.

ಊರಿನ ಮೃಗಾಸ್ಪತ್ರೆಯ ಡಾಕ್ಟರು ಹೊಟ್ಟೆಯ ಕೆಳಗೆ ಎರಡು ಬೆರಳಿಟ್ಟು ಒತ್ತಿ ನೋಡಿದರು. ನನ್ನ ಕೈಯನ್ನೂ ಅಲ್ಲಿಗೆ ತಂದರು. ಒಳಗೆ ದೊಡ್ಡ ನಿಂಬೆಹಣ್ಣಿನಂಥ ಗಟ್ಟಿ ಉಂಡೆ. ಅದು ಮೂತ್ರಕೋಶ, ಹೊರಗೆ ಹೋಗಲು ದಾರಿಯಿಲ್ಲದೆ ತುಂಬಿ ಬಿರಿಯುವಂತಾಗಿತ್ತು. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಸಪೂರ. ಲೋಳೆ ಮತ್ತು ಸಣ್ಣ ಹರಳು ಸೇರಿ ಬಿರಡೆಯ ಹಾಗೆ ಕೂತುಬಿಡುತ್ತದೆ. ಮೂತ್ರ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯವೇ ನಿಲ್ಲಬಹುದು. "ನಾಳೆವರೆಗೆ ಕಾಯಬೇಡಿ, ಈಗಲೇ ಮಂಗಳೂರಿಗೆ ಹೋಗಿ" ಎಂದರು. ನಳಿಕೆ ಹಾಕುವ ವ್ಯವಸ್ಥೆ ಅವರಲ್ಲಿ ಇರಲಿಲ್ಲ.

ನಮ್ಮವರಿಗೆ ಮಂಗಳೂರು ಎಂದರೆ ಆಸ್ಪತ್ರೆ. ಹೆರಿಗೆಗೆ, ಹೃದಯಕ್ಕೆ, ಈಗ ಬೆಕ್ಕಿಗೆ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಕೇರಳ, ಕರ್ನಾಟಕದ ನಡುವಿನ ತಲಪಾಡಿಯ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸಿನಲ್ಲಿದ್ದ ಜನರೇ ಆಚೆ ದಾಟಲಾಗದೆ ಸತ್ತರು. ಆಗ ಇವರು ಅಲ್ಲಿ, ನಾನು ಮತ್ತು ಅತ್ತೆ ಇಲ್ಲಿ. ರಾತ್ರಿ ಫೋನಿನಲ್ಲಿ ಇವರು ಕೇಳುತ್ತಿದ್ದದ್ದು ಅದೊಂದೇ: "ಅಮ್ಮನಿಗೆ ಏನಾದ್ರೂ ಆದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತಿ?" ಆ ದಾರಿಯಲ್ಲಿ ಹೋಗುವಾಗ ಪ್ರತಿ ಸಲ ನನಗೆ ಅದು ನೆನಪಾಗುತ್ತದೆ.

ಮುಚ್ಚಳದ ಪ್ಲಾಸ್ಟಿಕ್ ಬುಟ್ಟಿಗೆ ಇವರ ಹಳೆಯ ಬೈರಾಸು ಹಾಸಿ ಬೆಕ್ಕನ್ನು ಇಟ್ಟೆವು. ಕುಂಬಳೆಯಿಂದ ಮುಂದೆ ಹೆದ್ದಾರಿ ಅಗಲ ಮಾಡುವ ಕೆಲಸ, ಎಲ್ಲೆಲ್ಲೂ ಗುಂಡಿ, ಕೆಸರು. ಇವರು ಕಾರು ಓಡಿಸುತ್ತಾ ಸಮಾಧಾನಕ್ಕೆ "ಆಯ್ತು ಕುಟ್ಟಾ, ಈಗ ಮುಟ್ಟಿದೆವು" ಅನ್ನುತ್ತಿದ್ದರು. ಅಂದಾಗಲೆಲ್ಲ ಬುಟ್ಟಿಯೊಳಗಿಂದ ಗುರ್ ಅನ್ನುವ ಸದ್ದು. ಉಪ್ಪಳ ದಾಟಿದ ಮೇಲೆ ಇವರು ಮಾತಾಡುವುದನ್ನೇ ನಿಲ್ಲಿಸಿದರು.

ಆಸ್ಪತ್ರೆಯ ಎದುರು ನನ್ನನ್ನು ಇಳಿಸಿ ಗಾಡಿ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದರು. ನಾನು ಬುಟ್ಟಿಯನ್ನು ಮಡಿಲಲ್ಲಿಟ್ಟು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ನಾಯಿ. ಕುಟ್ಟ ಬಾಯಿ ತೆರೆದು ಉಸಿರಾಡುತ್ತಿತ್ತು. ಆಗ ಫೋನು ಬಂತು. ಕೈ ಖಾಲಿ ಇರಲಿಲ್ಲ, ಬೆರಳಲ್ಲೇ ಸ್ಪೀಕರ್ ಒತ್ತಿ ಬುಟ್ಟಿಯ ಮೇಲಿಟ್ಟೆ. "ಎಂತ ಹೇಳಿದ್ರು? ಕುಟ್ಟ ಹೇಗಿದ್ದಾನೆ?"

ಬುಟ್ಟಿಯ ತೂತಿನಿಂದ ನೋಡುತ್ತಿದ್ದೆ. ಎರಡೂ ಕಿವಿ ಹಿಂದಕ್ಕೆ ಅಂಟಿಕೊಂಡಿದ್ದವು. ಒಂದು ಕಿವಿ ಎದ್ದಿತು, ಆಮೇಲೆ ಇನ್ನೊಂದು. ಎರಡೂ ಫೋನಿನ ಕಡೆಗೆ ತಿರುಗಿದವು. ಬಾಯಿ ಮುಚ್ಚಿತು. ಇವರು ಮಾತಾಡುತ್ತಾ ಹೋದರು, ಪಾರ್ಕಿಂಗ್ ಸಿಗಲಿಲ್ಲ ಎಂದು, ಯಾರೋ ಅಡ್ಡ ನಿಲ್ಲಿಸಿದ್ದಾರೆ ಎಂದು. ನಾನು "ಮಾತಾಡ್ತಾ ಇರಿ, ಇಡಬೇಡಿ" ಎಂದೆ. "ಎಂತಕ್ಕೆ?" "ಸುಮ್ನೆ ಮಾತಾಡಿ." ಡಾಕ್ಟರು ಕರೆಯುವವರೆಗೆ ಹನ್ನೊಂದು ನಿಮಿಷ ಮಾತಾಡಿದರು. ಫೋನಿನಲ್ಲಿ ಲೆಕ್ಕ ಇತ್ತು.

ಅರಿವಳಿಕೆ ಕೊಟ್ಟು ನಳಿಕೆ ಹಾಕಿ ಮೂತ್ರ ತೆಗೆದರು. ಎರಡು ರಾತ್ರಿ ಅಲ್ಲೇ, ಡ್ರಿಪ್ಪಿನಲ್ಲಿ.

ಡಾಕ್ಟರು ಹೇಳಿದ್ದು

ಕಲ್ಲು ಇರಲಿಲ್ಲ, ಸೋಂಕೂ ಇರಲಿಲ್ಲ. ಇಂಥ ಬೆಕ್ಕುಗಳಲ್ಲಿ ಮೂತ್ರಕೋಶದ ಉರಿಯೂತಕ್ಕೆ ಬೇರೆ ಕಾರಣ ಸಿಗುವುದೇ ಕಮ್ಮಿಯಂತೆ. ಒತ್ತಡ ಇರುತ್ತದೆ. ಹೆದರಿದ ಬೆಕ್ಕಿಗೆ ಎಷ್ಟೋ ಸಲ ಕೈಕೊಡುವುದು ಮೂತ್ರಕೋಶ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಎಂಬ ಪಶುವೈದ್ಯರು ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಔಷಧಿಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಮನೆಯನ್ನು ಬೆಕ್ಕಿಗೆ ತಕ್ಕಂತೆ ಸರಿಮಾಡುವುದು ಕೆಲಸ ಮಾಡುತ್ತದೆ ಎಂದು ತೋರಿಸಿದವರು ಅವರು. ಬೀಜ ತೆಗೆಸಿದ, ಸ್ವಲ್ಪ ದಪ್ಪಗಿರುವ, ಒಳಗೇ ಇರುವ, ಒಣ ಕಾಳು ತಿನ್ನುವ ಗಂಡು ಬೆಕ್ಕಿಗೆ ಅಪಾಯ ಜಾಸ್ತಿ. ನಮ್ಮ ಕುಟ್ಟನಿಗೆ ಎಲ್ಲವೂ ಸರಿಯಾಗಿ ಹೊಂದುತ್ತಿತ್ತು.

ಟಬ್ಬು ಏಣಿಯ ಕೆಳಗೆ ವಾಪಸ್ ಬಂತು. ಅಟ್ಟದಲ್ಲಿ ಇನ್ನೊಂದು ಇಟ್ಟೆವು. ನೀರಿನ ಬಟ್ಟಲು ನಾಲ್ಕು ಕಡೆ. ಒಣ ಕಾಳಿನ ಚೀಲ ಆಚೆ ಮನೆಗೆ ಹೋಯಿತು. ಡಾಕ್ಟರು ಹೇಳಿದ ವೆಟ್ ಫುಡ್, ಜೊತೆಗೆ ಉಪ್ಪು ಮತ್ತು ನೀರುಳ್ಳಿ ಹಾಕದ ಕೋಳಿ ಬೇಯಿಸಿದ ನೀರು. ನೀರುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತದೆ, ನಮ್ಮ ಸಾರಿನ ಅನ್ನ ಕೊಡುವವರು ನೆನಪಿಡಬೇಕು. ಅತ್ತರು ಬಂದಾಯಿತು. ಅದೊಂದಕ್ಕೆ ಇವರು ಎರಡು ದಿನ ಮುಖ ಸಣ್ಣ ಮಾಡಿಕೊಂಡಿದ್ದರು.

ಇಷ್ಟರಿಂದ ಮೂತ್ರ ಸರಿಯಾಯಿತು. ಹೆದರಿಕೆ ಹೋಗಲಿಲ್ಲ.

ಫೋನಿನಿಂದ ಮನೆಗೆ

ಆಸ್ಪತ್ರೆಯ ಬೆಂಚಿನ ಮೇಲೆ ಕಂಡದ್ದು ನನ್ನ ತಲೆಯಿಂದ ಹೋಗಿರಲಿಲ್ಲ. ಬೆಕ್ಕಿಗೆ ದನಿ ಗುರುತಾಗುತ್ತದೆ ಎಂಬುದು ಹೊಸತಲ್ಲ. 2013ರಲ್ಲಿ ಜಪಾನಿನವರು ಇಪ್ಪತ್ತು ಬೆಕ್ಕುಗಳಿಗೆ ಬೇರೆಯವರ ದನಿ ಮತ್ತು ಮನೆಯವರ ದನಿ ಕೇಳಿಸಿ ನೋಡಿದ್ದರು. ಮನೆಯವರ ದನಿಗೆ ಕಿವಿ, ತಲೆ ತಿರುಗಿಸಿದವು. ಎದ್ದು ಮಾತ್ರ ಹೋಗಲಿಲ್ಲ, ಅದು ಬೆಕ್ಕಿನ ಬುದ್ಧಿ. ಹಾಗಾದರೆ ಕುಟ್ಟನಿಗೆ ಇವರ ದನಿ ಚೆನ್ನಾಗಿ ಗೊತ್ತು. ಆದರೆ ಅದಕ್ಕೆ ಗೊತ್ತಿದ್ದ ಇವರು ಅಂಗೈ ಅಗಲದವರು. ಮಂಚದ ಮೇಲೆ ಅಲ್ಲಾಡದೆ ಮಲಗುತ್ತಿದ್ದರು. ವಾಸನೆಯಿಲ್ಲ, ಕಾಲಿಲ್ಲ. ಒಂಬತ್ತೂವರೆಗೆ ಬಂದು ಹತ್ತಕ್ಕೆ ಹೋಗುತ್ತಿದ್ದರು.

ಇನ್ನೊಂದು ಊಹೆಯೂ ನನಗುಂಟು. ಗಂಡಸರ ದನಿಯ ಬುಡ ನೂರು, ನೂರಿಪ್ಪತ್ತು ಹರ್ಟ್ಸಿನಷ್ಟು ಕೆಳಗಿರುತ್ತದೆ. ಹಳೆಯ ಫೋನ್ ಲೈನು ದಾಟಿಸುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ. ಈಗಿನ ಫೋನಿನ ಚಿಕ್ಕ ಸ್ಪೀಕರಿನಿಂದಲೂ ಆ ಕೆಳಗಿನ ಗುಂಗು ಹೊರಡುವುದಿಲ್ಲ. ಇವರು ಎದುರು ನಿಂತು "ಕುಟ್ಟಾ" ಎಂದರೆ ಎದೆಯಿಂದ ಬರುತ್ತದೆ, ನೆಲ ಮುಟ್ಟುತ್ತದೆ. ಹೆಸರು ಅದೇ, ಬೆಕ್ಕಿಗೆ ಅದು ಗುರುಗುಟ್ಟಿದಂತೆ ಕೇಳಿಸಿರಬಹುದು.

ಜುಲೈ 24ರ ರಾತ್ರಿ ಇವರನ್ನು ಫೋನು ಹಿಡಿಸಿ ಪಂಪ್‌ಶೆಡ್ಡಿಗೆ ಕಳಿಸಿದೆ. "ಒಂಬತ್ತೂವರೆಗೆ ನನಗೆ ಫೋನ್ ಮಾಡಿ." ಅವರು ನನ್ನನ್ನು ನೋಡಿದ ರೀತಿ! ಆದರೂ ಕೊಡೆ ಹಿಡಿದು ಹೋದರು. ನಾನು ಮೊದಲಿನ ಹಾಗೆ ಮಂಚದ ಮೇಲೆ ಸ್ಪೀಕರ್ ಹಾಕಿಟ್ಟೆ. ಪಕ್ಕದಲ್ಲಿ ಬಟ್ಟಲಲ್ಲಿ ನಾಲ್ಕು ತುಂಡು ಕೋಳಿ. ಒಂಬತ್ತು ನಲವತ್ತಕ್ಕೆ ಕುಟ್ಟ ಏಣಿ ಇಳಿದು ಬಂತು. ಇವರು ಬಂದ ಎರಡು ತಿಂಗಳಲ್ಲಿ ಹತ್ತು ಗಂಟೆಯ ಮೊದಲು ಅದು ಇಳಿದದ್ದು ಅದೇ ಮೊದಲು. ಮಂಚ ಹತ್ತಿತು, ಫೋನನ್ನು ಮೂಸಿತು, ಕೋಳಿ ತಿಂದು ಹೊದಿಕೆಯ ಮೇಲೆ ಕೂತಿತು.

"ಬಂದ್ನಾ?" "ಬಂದ." ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಫೋನಿನಲ್ಲಿ ಪಂಪ್‌ಶೆಡ್ಡಿನ ತಗಡಿನ ಮೇಲೆ ಬೀಳುವ ಮಳೆ ಕೇಳುತ್ತಿತ್ತು. ಅದೇ ಮಳೆ ಕಿಟಕಿಯಿಂದಲೂ ಕೇಳುತ್ತಿತ್ತು.

ನೋಟ್‌ಬುಕ್ಕಿನ ಪ್ರಕಾರ ಪಂಪ್‌ಶೆಡ್ಡಿನಲ್ಲಿ ಒಂಬತ್ತು ರಾತ್ರಿ. ಆಮೇಲೆ ಕೊಟ್ಟಿಗೆಯ ಹತ್ತಿರ ಏಳು. ಅಂಗಳದ ತುಳಸಿಕಟ್ಟೆಯ ಬಳಿ ಹನ್ನೆರಡು. ಅಲ್ಲಿಂದ ನಿಜದ ದನಿಯೂ ಸ್ವಲ್ಪ ಸ್ವಲ್ಪ ಒಳಗೆ ಬರಲು ಶುರುವಾಯಿತು, ಫೋನಿನ ದನಿಯ ಜೊತೆಗೆ, ಒಂದು ಗಳಿಗೆ ಹಿಂದುಮುಂದಾಗಿ. ಕುಟ್ಟನ ಒಂದು ಕಿವಿ ಫೋನಿಗೆ, ಒಂದು ಕಿವಿ ಕಿಟಕಿಗೆ. ಆಚೆ ಮನೆಯವರು ದಿನಾ ರಾತ್ರಿ ಈ ಮನುಷ್ಯ ಅಂಗಳದಲ್ಲಿ ಕೊಡೆ ಹಿಡಿದು ಯಾರ ಹತ್ತಿರ ಗುಟ್ಟಾಗಿ ಮಾತಾಡುತ್ತಾರೆಂದು ತಲೆ ಕೆಡಿಸಿಕೊಂಡಿದ್ದರಂತೆ. ಅಕ್ಕ ಒಂದು ದಿನ ನನ್ನನ್ನು ಮೆಲ್ಲ ಕರೆದು, ನನಗೆ ನೋವಾಗದ ಹಾಗೆ ವಿಷಯ ತೆಗೆದರು. ಹೆಂಡತಿಯ ಹತ್ತಿರವೇ ಎಂದಾಗ ಅವರಿಗೆ ಇನ್ನೂ ಗಾಬರಿಯಾಯಿತು.

ಇದರಲ್ಲಿ ನಾನು ಎಣಿಸದ್ದೊಂದು ನಡೆಯಿತು. ಇವರು ಮನೆಗೆ ಬಂದಾಗಿನಿಂದ ನಾವು ಸರಿಯಾಗಿ ಮಾತಾಡಿರಲೇ ಇಲ್ಲ. ಚಹಾ, ಪೈಪು, ಕರೆಂಟ್ ಬಿಲ್ಲು, ಅಷ್ಟೆ. ಫೋನಿನಲ್ಲಿ 22 ವರ್ಷ ದಿನಾ ಅರ್ಧ ಗಂಟೆ ಮಾತಾಡಿದವರಿಗೆ ಎದುರು ಬದುರು ಕೂತಾಗ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಈಗ ತುಳಸಿಕಟ್ಟೆಯಿಂದ ಮಾತು ಬಂತು. ಆಗಸ್ಟ್ ನಡುವಿನಲ್ಲಿ ಒಂದು ರಾತ್ರಿ ಹೇಳಿದರು: "ಈ ಮನೆಯಲ್ಲಿ ಚಮಚ ಎಲ್ಲಿರ್ತದೆ ಅಂತ ನನಗೆ ಇನ್ನೂ ಗೊತ್ತಿಲ್ಲ ಮಾರಾಯ್ತಿ. ಪ್ರತಿ ಸಲ ನಿನ್ನನ್ನು ಕೇಳಲಿಕ್ಕೆ ನಾಚಿಕೆ ಆಗ್ತದೆ. ಎಲ್ಲ ಡ್ರಾಯರ್ ತೆಗೆದು ನೋಡ್ತೇನೆ." ನಾನು ನಗಲಿಲ್ಲ. ಎಡಗಡೆಯ ಎರಡನೇ ಡ್ರಾಯರ್ ಎಂದೆ. ಮತ್ತೆ, ನಮ್ಮ ಮನೆಯ ಗ್ಯಾಸ್ ಒಲೆಯ ಲೈಟರ್ ಒಂದೇ ಸಲಕ್ಕೆ ಹತ್ತುವುದಿಲ್ಲ, ಎರಡು ಸಲ ಒತ್ತಬೇಕು ಎಂದೂ ಹೇಳಿದೆ. ಅವರು ಅದಕ್ಕೆ ಬೆಂಕಿಪೆಟ್ಟಿಗೆ ಬಳಸುತ್ತಿದ್ದರಂತೆ, ಎರಡು ತಿಂಗಳಿಂದ.

ಆಗಸ್ಟ್ 21ಕ್ಕೆ ಜಗಲಿಗೆ ಬಂದರು. ಅಲ್ಲಿಂದ ಫೋನಿನ ಸದ್ದು ಕಮ್ಮಿ ಮಾಡುತ್ತಾ ಹೋದೆ. ಸೆಪ್ಟೆಂಬರ್ 3ಕ್ಕೆ ಬಾಗಿಲ ದಾರಂದದ ಹತ್ತಿರ ನೆಲದ ಮೇಲೆ ಕೂತರು, ಕುಟ್ಟನ ಕಡೆ ಬೆನ್ನು ಹಾಕಿ. ಬೆಕ್ಕಿಗೆ ದಿಟ್ಟಿಸಿ ನೋಡುವವರನ್ನು ಕಂಡರೆ ಆಗುವುದಿಲ್ಲ. ನೋಡಲೇಬೇಕೆಂದರೆ ಕಣ್ಣು ಅರ್ಧ ಮುಚ್ಚಿ ನಿಧಾನ ಮಿಟುಕಿಸಬೇಕು. ಹಾಗೆ ಮಾಡಿದವರ ಹತ್ತಿರ ಅವು ಬರುವುದು ಜಾಸ್ತಿ ಎಂದು 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಬರೆದಿದ್ದಾರೆ. ಇವರು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು. ನಿದ್ದೆ ತೂಗುವವರ ಹಾಗೆ ಕಾಣುತ್ತಿತ್ತು.

ಸೆಪ್ಟೆಂಬರ್ 9ಕ್ಕೆ ಎಲ್ಲ ಹಾಳಾಯಿತು. ಕುಟ್ಟ ಇವರಿಂದ ಮೂರು ಅಡಿಯಲ್ಲಿತ್ತು. ಇವರು ಸೀನಿದರು. ಇವರ ಸೀನು ಎಂದರೆ ಗದ್ದೆಯ ಆಚೆಗೂ ಕೇಳುತ್ತದೆ. ಬೆಕ್ಕು ಮತ್ತೆ ಅಟ್ಟ ಸೇರಿತು. ಇವರು ಏನೂ ಹೇಳದೆ ಎದ್ದು, ಫೋನು ತೆಗೆದುಕೊಂಡು ತುಳಸಿಕಟ್ಟೆಗೆ ಹೋದರು. ಅಲ್ಲಿಂದ ಒಂಬತ್ತು ದಿನ.

ಅಕ್ಟೋಬರ್ 2. ಗಾಂಧಿ ಜಯಂತಿಯ ರಜೆ. ಮಧ್ಯಾಹ್ನ ಇವರು ಚಾವಡಿಯಲ್ಲಿ ಅಡಿಕೆ ಹಾಳೆಯ ಮೇಲೆ ತಲೆ ಇಟ್ಟು ನೆಲದಲ್ಲೇ ನಿದ್ದೆ ಹೋಗಿದ್ದರು. ನಾನು ಅಡುಗೆಮನೆಯ ಬಾಗಿಲಿಂದ ನೋಡಿದೆ. ಕುಟ್ಟ ಬಂದು ಮೊದಲು ಕಾಲ ಹೆಬ್ಬೆರಳನ್ನು ಮೂಸಿತು. ಆಮೇಲೆ ಮೊಣಕೈ, ತಾನು ಗೆರೆ ಎಳೆದಿದ್ದ ಜಾಗ. ಕೊನೆಗೆ ಕೆನ್ನೆಯನ್ನು ಅವರ ಅಂಗಿಯ ಗುಂಡಿಗೆ ಒಂದು ಸಲ ಉಜ್ಜಿ ಹೋಯಿತು. ಇವರ ಕಣ್ಣು ಮುಚ್ಚೇ ಇತ್ತು. ಕಿವಿಯ ಹತ್ತಿರ ಮಾತ್ರ ಒದ್ದೆಯಾಗಿತ್ತು. ನಿದ್ದೆ ಮಾಡಿದ್ದರೋ ಇಲ್ಲವೋ ನಾನು ಕೇಳಿಲ್ಲ.

ಈಗ

ಕುಟ್ಟ ಪೂರ್ತಿ ಬದಲಾಗಿದೆ ಎಂದರೆ ಸುಳ್ಳು. ನೆಂಟರು ಬಂದರೆ ಅಟ್ಟವೇ. ಆ ನವೆಂಬರಿನಲ್ಲಿ ದೀಪಾವಳಿಗೆ ಮಗಳು, ಅಳಿಯ, ಅವರ ಕಡೆಯವರು ಬಂದು ನಾಲ್ಕು ದಿನ ಇದ್ದಾಗ, ಪಟಾಕಿಯೂ ಸೇರಿ, ಮೂತ್ರದಲ್ಲಿ ಮತ್ತೆ ರಕ್ತ ಕಂಡಿತು. ಕಟ್ಟಿರಲಿಲ್ಲ, ಔಷಧಿಗೇ ಸರಿಯಾಯಿತು. ಈಗ ಯಾರಾದರೂ ಉಳಿಯಲು ಬರುತ್ತಾರೆಂದರೆ ಎರಡು ದಿನ ಮುಂಚೆಯೇ ಅಟ್ಟದಲ್ಲಿ ಎಲ್ಲ ಸಿದ್ಧ ಮಾಡಿ ಬಾಗಿಲು ಓರೆ ಮಾಡಿಡುತ್ತೇವೆ. ಗಂಡು ಬೆಕ್ಕು ಸಾಕಿದವರು ಟಬ್ಬಿನಲ್ಲಿ ಬೆಳಿಗ್ಗೆ ಮೂತ್ರದ ಎಷ್ಟು ಒದ್ದೆ ಉಂಡೆ ಇವೆ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನಮ್ಮಲ್ಲಿ ಅದು ಇವರ ಕೆಲಸ. "ಮೂರು" ಎಂದು ಚಹಾದ ಜೊತೆ ವರದಿ ಬರುತ್ತದೆ.

ಮಡಿಲಿಗೆ ಬಂದಿಲ್ಲ, ಇವರ ಮಡಿಲಿಗೂ, ನನ್ನದಕ್ಕೂ. ಇವರು ಜಗಲಿಯಲ್ಲಿ ಕೂತರೆ ಎರಡು ಮೆಟ್ಟಿಲು ಕೆಳಗೆ ಬೆನ್ನು ಹಾಕಿ ಕೂರುತ್ತದೆ. ಆಟದ ಇಲಿಗೆ ಬಾಲ ಇಲ್ಲ ಈಗ.

ಫೋನು ನಿಂತಿಲ್ಲ. ಒಂಬತ್ತೂವರೆಗೆ ಇವರು ಜಗಲಿಗೆ ಹೋಗಿ ಮಾಡುತ್ತಾರೆ, ನಾನು ಮಂಚದ ಮೇಲೆ ಸ್ಪೀಕರ್ ಹಾಕುತ್ತೇನೆ. ನಿನ್ನೆ ರೇಂಜ್ ಇರಲಿಲ್ಲ. ಕುಟ್ಟ ಬಂದು ಕತ್ತಲಾದ ಫೋನನ್ನು ನೋಡಿತು, ನನ್ನನ್ನು ನೋಡಿತು, ಎದ್ದು ಜಗಲಿಯ ಬಾಗಿಲಿಗೆ ಹೋಗಿ ಕೂತಿತು. ಇವರು ಆಚೆಯಿಂದ ಮೆಲ್ಲ ಕೇಳಿದರು, "ಕುಟ್ಟಾ, ಊಟ ಆಯ್ತಾ?"